ಓಡಿಹೋದ್ರೆ ಕಿವಿ, ಮತ್ತೆ ಓಡಿದ್ರೆ ಕಾಲು: ಮಾರಿಷಸ್ ಗುಲಾಮರ ಕಾನೂನಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾರಿಷಸ್‌ಗೆ ಹೋಗಿ ಬಂದ್ಮೇಲೆ ಎಲ್ರೂ ಬೀಚ್ ಬಗ್ಗೆ ಕೇಳ್ತಾರೆ, ನಾನು ಓಡಿಹೋದ ಗುಲಾಮರು ಅಡಗಿದ್ದ ಲ ಮೋರ್ನ್ ಬೆಟ್ಟದ ಕಥೆ ಶುರು ಮಾಡ್ತೀನಿ, ಆಮೇಲೆ ಅವರ ಪ್ರಶ್ನೆಗಳು ನಿಲ್ಲೋದೇ ಇಲ್ಲ. ಒಬ್ಬೊಬ್ಬರಿಗೂ ಹೇಳಿ ಹೇಳಿ ಅರ್ಧಂಬರ್ಧ ಆಗೋದಕ್ಕಿಂತ ಒಂದೇ ಕಡೆ ಬರೆದಿಡೋಣ ಅಂತ ಕೂತಿದ್ದೀನಿ. ಕೆಲವು ಉತ್ತರ ಉದ್ದ ಇದೆ, ಓದೋಕೆ ಕಷ್ಟ ಆಗೋ ವಿಷಯಾನೂ ಇದೆ, ಮಕ್ಕಳ ಜೊತೆ ಓದೋರು ಮೊದಲು ತಾವು ನೋಡ್ಕೊಳ್ಳಿ.

ಮಾರಿಷಸ್‌ನಲ್ಲಿ ಗುಲಾಮರಿದ್ರಾ? ಅಲ್ಲಿರೋರೆಲ್ಲ ಇಲ್ಲಿಂದ ಕೂಲಿಗೆ ಹೋದವ್ರಲ್ವಾ?

ಕೂಲಿಗೆ ಹೋದವರ ಕಥೆ 1834ರಿಂದ ಈಚೆಗೆ. ಅದಕ್ಕಿಂತ ಮುಂಚೆ ಸುಮಾರು ಇನ್ನೂರು ವರ್ಷ ಆ ದ್ವೀಪ ನಡೆದದ್ದೇ ಗುಲಾಮರ ಬೆವರಲ್ಲಿ. ಅಲ್ಲಿ ಮೂಲನಿವಾಸಿಗಳು ಅಂತ ಯಾರೂ ಇರ್ಲಿಲ್ಲ. 1638ರಲ್ಲಿ ಡಚ್ಚರು ಬಂದ್ರು, 1710ರಲ್ಲಿ ಬಿಟ್ಟು ಹೋದ್ರು. 1715ರಲ್ಲಿ ಫ್ರೆಂಚರು ನಮ್ದು ಅಂದ್ರು, ಆರೇಳು ವರ್ಷ ಆದ್ಮೇಲೆ ಜನ ತಂದು ಕೂರಿಸಿದ್ರು, ಇಲ್ ದ ಫ್ರಾನ್ಸ್ ಅಂತ ಹೆಸರಿಟ್ರು. 1810ರ ಡಿಸೆಂಬರ್‌ನಲ್ಲಿ ಬ್ರಿಟಿಷರು ಗೆದ್ಕೊಂಡ್ರು. ಈ ಮೂರೂ ಜನರ ಕಾಲದಲ್ಲಿ ಮಡಗಾಸ್ಕರ್, ಮೊಜಾಂಬಿಕ್, ಪೂರ್ವ ಆಫ್ರಿಕಾ, ಇಂಡಿಯಾ ಎಲ್ಲ ಕಡೆಯಿಂದ ಮನುಷ್ಯರನ್ನ ಹಡಗಲ್ಲಿ ತುಂಬ್ಕೊಂಡು ಬಂದು ಮಾರ್ತಿದ್ರು. ಹದಿನೆಂಟನೇ ಶತಮಾನ ಮುಗಿಯೋ ಹೊತ್ತಿಗೆ ದ್ವೀಪದ ಜನಸಂಖ್ಯೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಗುಲಾಮರೇ. ಪಕ್ಕದ ರಿಯೂನಿಯನ್, ಅಂದ್ರೆ ಆಗಿನ ಬೂರ್ಬೋಂ ದ್ವೀಪದಲ್ಲೂ ಇದೇ ಕಥೆ, ಕಾನೂನೂ ಒಂದೇ, ಅದಕ್ಕೆ ಎರಡನ್ನೂ ಸೇರಿಸೇ ಹೇಳ್ತೀನಿ.

ಇಂಡಿಯಾದಿಂದಲೂ ಗುಲಾಮರು ಹೋಗಿದ್ರಾ?

ಹೋಗಿದ್ರು ಅಲ್ಲ, ತಗೊಂಡು ಹೋಗಿದ್ರು. ಇದು ನಮ್ಮ ಪಾಠಪುಸ್ತಕದಲ್ಲಿ ಬರೋದೇ ಇಲ್ಲ, ಅದಕ್ಕೆ ಸ್ವಲ್ಪ ಹೊತ್ತು ಇಲ್ಲೇ ನಿಲ್ತೀನಿ. ಬಂಗಾಳ, ಪಾಂಡಿಚೇರಿ, ಮಲಬಾರ್ ಕಡೆಯಿಂದ, ಬರಗಾಲದಲ್ಲಿ ಮಾರಿಕೊಂಡವರು, ಕದ್ದು ತಂದ ಮಕ್ಕಳು, ಎಲ್ರೂ ಹೋದ್ರು. ಕಾರ್ನ್‌ವಾಲಿಸ್ 1789ರಲ್ಲಿ ಬಂಗಾಳದಿಂದ ಗುಲಾಮರನ್ನ ಹೊರಗೆ ಸಾಗಿಸೋದು ನಿಷೇಧ ಅಂತ ಹೊರಡಿಸಬೇಕಾಯ್ತು ಅಂದ್ರೆ ಎಷ್ಟು ನಡೀತಿತ್ತು ನೋಡಿ. ಅಲ್ಲಿಯ ದಫ್ತರದಲ್ಲಿ ಇಂಡಿಯಾದವರು ಯಾವ ಊರಿನವರೇ ಆಗ್ಲಿ ತುಂಬ ಸಲ ‘ಮಲಬಾರ್’ ಅಂತ ಒಂದೇ ಹೆಸರು, ಅಪ್ಪ ಅಮ್ಮ ಇಟ್ಟ ಹೆಸರು ಹೋಗೇಬಿಡ್ತು.

ಡಚ್ಚರ ಕಾಲದಲ್ಲೇ, 1695ರ ಜೂನ್‌ನಲ್ಲಿ, ಕೆಲವು ಗುಲಾಮರು ಸೇರಿ ಫ್ರೆಡೆರಿಕ್ ಹೆಂಡ್ರಿಕ್ ಕೋಟೆಗೆ ಬೆಂಕಿ ಹಾಕಿದ್ರು, ದ್ವೀಪಾನೇ ಕೈಗೆ ತಗೊಳ್ಳೋಣ ಅಂತ ಪ್ಲ್ಯಾನ್. ಸಿಕ್ಕಿಬಿದ್ದವರ ಹೆಸರು ಕೇಳಿ, ಮಲಬಾರಿನ ಆಂಟೊನಿ, ಬಂಗಾಳದ ಅನ್ನಾ, ಅಂಬೋನ್‌ನ ಆರನ್. ಮರಣದಂಡನೆ ಆಯ್ತು. ಇಂಡಿಯಾದಿಂದ ದೂರದ ದ್ವೀಪಕ್ಕೆ ಹೋಗಿ ಬಿಳಿಯರ ಕೋಟೆ ಸುಟ್ಟ ಒಬ್ಬ ಹೆಣ್ಣುಮಗಳು, ಅದೂ 1857ಕ್ಕೆ ನೂರ ಅರವತ್ತು ವರ್ಷ ಮುಂಚೆ, ಆದ್ರೆ ಇಲ್ಲಿ ಎಷ್ಟು ಜನಕ್ಕೆ ಆಕೆ ಹೆಸರು ಗೊತ್ತು?

‘ಮರೂನ್’ ಅಂದ್ರೆ ಏನು? ಬಣ್ಣದ ಹೆಸರಾ?

ಅಲ್ಲ. ಓಡಿಹೋದ ಗುಲಾಮರಿಗೆ ಫ್ರೆಂಚಲ್ಲಿ ‘ಮರೋಂ’ ಅಂತಿದ್ರು, ಓಡಿಹೋಗೋದಕ್ಕೆ ‘ಮರೋನಾಜ್’. ಮೂಲ ಸ್ಪ್ಯಾನಿಷ್ ಪದ ‘ಸಿಮರೋನ್’, ಅದನ್ನ ಮೊದಲು ಬಳಸ್ತಿದ್ದದ್ದು ಹಗ್ಗ ಕಿತ್ಕೊಂಡು ಕಾಡು ಸೇರಿದ ದನಗಳಿಗೆ. ಮಾರಿಷಸ್ ಕ್ರಿಯೋಲ್ ಭಾಷೆಲಿ ಇವತ್ತಿಗೂ ಕಾಡುಬೆಕ್ಕಿಗೆ ‘ಸಾತ್ ಮಾರೋನ್’ ಅಂತಾರೆ. ಕೊಟ್ಟಿಗೆ ಬಿಟ್ಟ ದನಕ್ಕೂ ಧಣಿ ಬಿಟ್ಟ ಮನುಷ್ಯನಿಗೂ ಒಂದೇ ಪದ ಸಾಕು ಅಂತ ಅವರಿಗೆ ಅನ್ನಿಸ್ತು, ಕಾನೂನು ಬರೆದ ಮನಸ್ಸು ಎಂಥದ್ದು ಅಂತ ಅರ್ಥ ಆಗೋಕೆ ಇಷ್ಟೇ ಸಾಕು.

ಕಾನೂನಲ್ಲಿ ಎಕ್ಸ್ಯಾಕ್ಟ್ ಆಗಿ ಏನಿತ್ತು?

ಅದರ ಹೆಸರು ‘ಕೋಡ್ ನ್ವಾರ್’, ಕರಿಯರ ಕಾಯ್ದೆ ಅಂತ ಅರ್ಥ. ಮೊದಲು 1685ರಲ್ಲಿ ಹದಿನಾಲ್ಕನೇ ಲೂಯಿ ರಾಜ ಕೆರಿಬಿಯನ್ ದ್ವೀಪಗಳಿಗೆ ಅಂತ ಹೊರಡಿಸಿದ್ದು, ಅದನ್ನೇ ಸ್ವಲ್ಪ ತಿದ್ದಿ 1723ರ ಡಿಸೆಂಬರ್‌ನಲ್ಲಿ ಬೂರ್ಬೋಂಗೂ ಇಲ್ ದ ಫ್ರಾನ್ಸ್‌ಗೂ ಕೊಟ್ರು. ಓಡಿಹೋದವರ ಕಲಂ ಹೀಗಿದೆ. ಧಣಿ ದೂರು ಕೊಟ್ಟ ದಿನದಿಂದ ಒಂದು ತಿಂಗಳು ಗುಲಾಮ ವಾಪಸ್ ಬರದಿದ್ರೆ, ಸಿಕ್ಕಾಗ ಎರಡೂ ಕಿವಿ ಕತ್ತರಿಸಬೇಕು, ಒಂದು ಭುಜದ ಮೇಲೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕ್ಬೇಕು, ಬರೆಯ ಗುರುತು ಫ್ರಾನ್ಸ್ ರಾಜಮನೆತನದ ಲಿಲ್ಲಿ ಹೂವು. ಎರಡನೇ ಸಲ ಒಂದು ತಿಂಗಳು ಓಡಿದ್ರೆ ಮೊಣಕಾಲ ಹಿಂದಿನ ನರ ಕತ್ತರಿಸಿ ಇನ್ನೊಂದು ಭುಜಕ್ಕೂ ಬರೆ. ಮೂರನೇ ಸಲ ಸಾವು.

ಹೂವಿನ ಗುರುತು ಅಂತ ಓದಿದಾಗ ನಾನು ಒಂದು ನಿಮಿಷ ಪುಸ್ತಕ ಮುಚ್ಚಿಟ್ಟೆ. ರಾಜನ ಮುದ್ರೆ ಕಾಗದದ ಮೇಲೆ ಬೀಳೋ ಹಾಗೇ ಮನುಷ್ಯನ ಚರ್ಮದ ಮೇಲೂ ಬೀಳ್ತಿತ್ತು.

ಒಂದು ತಿಂಗಳು ಯಾಕೆ? ಎರಡು ದಿನ ಹೋಗಿ ಬಂದ್ರೆ ಪರವಾಗಿಲ್ವಾ?

ಪರವಾಗಿಲ್ಲ ಅಂತ ಅಲ್ಲ, ಆಗ ಶಿಕ್ಷೆ ಕೋರ್ಟಿಗೆ ಹೋಗ್ತಿರ್ಲಿಲ್ಲ, ತೋಟದಲ್ಲೇ ಚಾಟಿ. ಇದಕ್ಕೆ ಸಣ್ಣ ಮರೋನಾಜ್ ಅಂತಿದ್ರು, ತಿಂಗಳು ದಾಟಿದ್ರೆ ದೊಡ್ಡ ಮರೋನಾಜ್. ಈ ಸಣ್ಣ ಓಟಗಳೇ ತುಂಬ ಜಾಸ್ತಿ, ಪಕ್ಕದ ತೋಟದಲ್ಲಿರೋ ಹೆಂಡತಿ ನೋಡೋಕೆ, ಮೇಸ್ತ್ರಿ ಹೊಡೆದ ಸಿಟ್ಟಿಗೆ, ಹಸಿವಿಗೆ. ಗಂಡ ಹೆಂಡತಿ ಚಿಕ್ಕ ಮಕ್ಕಳನ್ನ ಬೇರೆ ಬೇರೆ ಮಾರಬಾರದು ಅಂತ ಅದೇ ಕಾಯ್ದೆಯಲ್ಲೇ ಬರೆದಿತ್ತು. ಬರೆದದ್ದೇನೋ ಇತ್ತು, ಧಣಿಯ ಮೇಲೆ ದೂರು ಕೊಡೋಕೆ ಗುಲಾಮನಿಗೆ ದಾರಿ ಎಲ್ಲಿತ್ತು?

ಗುಲಾಮ ಅಂದ್ರೆ ಆಸ್ತಿ ಅಲ್ವಾ, ತನ್ನ ಆಸ್ತೀನ ತಾನೇ ಯಾಕೆ ಹಾಳು ಮಾಡ್ತಾರೆ?

ಒಳ್ಳೆ ಪ್ರಶ್ನೆ, ಈ ಕಾಯ್ದೆಯ ಗಂಟು ಇರೋದೇ ಇಲ್ಲಿ. 1685ರ ಕಾಯ್ದೆಯ 44ನೇ ಕಲಂ ಪ್ರಕಾರ ಗುಲಾಮ ಚರಾಸ್ತಿ, ಮಂಚ ಕುರ್ಚಿ ಥರ, ಧಣಿ ಸತ್ರೆ ಮಕ್ಕಳಿಗೆ ಪಾಲಾಗೋ ವಸ್ತು. ಆದ್ರೆ 38ನೇ ಕಲಂನಲ್ಲಿ ಅದೇ ವಸ್ತು ಓಡಿಹೋದ ‘ಅಪರಾಧಿ’ ಆಗಿಬಿಡುತ್ತೆ. ಕುರ್ಚಿ ಎದ್ದು ಓಡಲ್ಲ, ಓಡಿದ್ರೆ ಅದಕ್ಕೆ ಶಿಕ್ಷೆ ಕೊಡೋಕೂ ಆಗಲ್ಲ. ಅವನಿಗೆ ಬುದ್ಧಿ ಇದೆ, ಆಸೆ ಇದೆ, ತಾನು ಮಾಡೋದಕ್ಕೆ ತಾನೇ ಹೊಣೆ ಅಂತ ಒಪ್ಪದೆ ಶಿಕ್ಷೆ ಬರೆಯೋಕೇ ಆಗಲ್ಲ. ಅಂದ್ರೆ ಕಾನೂನು ಮಾಡಿದವರಿಗೆ ಇವರು ಮನುಷ್ಯರು ಅಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ರು, ಆ ಕಾಲವೇ ಹಾಗಿತ್ತು ಅನ್ನೋ ಮಾತನ್ನ ನಾನು ಒಪ್ಪದೇ ಇರೋದು ಇದಕ್ಕೇ.

ದುಡ್ಡಿನ ಲೆಕ್ಕವೂ ಅವರಿಗೆ ಗೊತ್ತಿತ್ತು. ಧಣಿ ದೂರು ಕೊಟ್ಟು ಗುಲಾಮನಿಗೆ ಮರಣದಂಡನೆ ಆದ್ರೆ ಧಣಿಗೆ ನಷ್ಟ, ಅದಕ್ಕೆ 40ನೇ ಕಲಂನಲ್ಲಿ ಗುಲಾಮನ ಬೆಲೆ ಕಟ್ಟಿ ಧಣಿಗೆ ಕೊಡಬೇಕು ಅಂತಿದೆ, ಆ ದುಡ್ಡು ಎಲ್ಲಾ ಧಣಿಗಳಿಂದ ಗುಲಾಮರ ತಲೆ ಎಣಿಸಿ ತೆರಿಗೆ ಹಾಕಿ ಎತ್ತಿದ್ದು. ಒಂಥರಾ ಇನ್ಶೂರೆನ್ಸ್. ಕಾಲಿನ ನರ ಕತ್ತರಿಸಿದ ಆಳು ಹೊಲಕ್ಕೆ ಬರಲ್ಲ ಅಂತ ಆಮೇಲಾಮೇಲೆ ಸರಪಳಿ ಹಾಕಿ ರಸ್ತೆ, ಕೋಟೆ, ಬಂದರು ಕೆಲಸಕ್ಕೆ ಜೀವಮಾನ ಪೂರ್ತಿ ಹಚ್ಚೋದು ಜಾಸ್ತಿ ಆಯ್ತು. ಕರುಣೆ ಬಂದು ಅಲ್ಲ.

ಓಡಿ ಬಂದವರಿಗೆ ಯಾರಾದ್ರೂ ಜಾಗ ಕೊಟ್ರೆ?

ಅವರಿಗೂ ದಂಡ. 1685ರ ಕಾಯ್ದೆಲಿ ಬಿಡುಗಡೆ ಆದ ಕರಿಯ ತನ್ನ ಮನೇಲಿ ಇಟ್ಕೊಂಡ್ರೆ ದಿನಕ್ಕೆ 300 ಪೌಂಡ್ ಸಕ್ಕರೆ, ಬೇರೆ ಸ್ವತಂತ್ರ ಜನ ಇಟ್ಕೊಂಡ್ರೆ ದಿನಕ್ಕೆ 10 ಲಿವ್ರ್ (ಆಗಿನ ಫ್ರೆಂಚ್ ದುಡ್ಡು). ಲೆಕ್ಕ ಗಮನಿಸಿ, ಅದೇ ತಪ್ಪಿಗೆ ಕರಿಯರಿಗೆ ಬೇರೆ ತಕ್ಕಡಿ. ನಿನ್ನೆ ತನಕ ಜೊತೆಗೆ ಸರಪಳಿಲಿದ್ದವನು ಬಾಗಿಲು ತಟ್ಟಿದ್ರೆ ತೆಗೀಬಾರದು ಅಂತಲೇ ಇದನ್ನ ಮಾಡಿದ್ದು.

ಎಲ್ಲಿಗೆ ಓಡ್ತಿದ್ರು? ಸುತ್ತ ಸಮುದ್ರ ಅಲ್ವಾ?

ಶುರುವಲ್ಲಿ ಕಾಡು ದಟ್ಟ ಇತ್ತು. 1642ರ ಸುಮಾರಿಗೆ ಡಚ್ ಗವರ್ನರ್ ಆಡ್ರಿಯಾನ್ ವಾನ್ ಡರ್ ಸ್ಟೆಲ್ ಮಡಗಾಸ್ಕರ್‌ನಿಂದ 105 ಗುಲಾಮರನ್ನ ತಂದ, ಬಂದ ಸ್ವಲ್ಪ ದಿನಕ್ಕೇ 52 ಜನ ಕಾಡಿಗೆ ನುಗ್ಗಿದ್ರು, ಸಿಕ್ಕಿದ್ದು 18 ಜನ. ಅಂದ್ರೆ ಓಡೋದು ಗುಲಾಮಗಿರಿ ಜೊತೆಗೇ ಶುರು ಆಯ್ತು, ಮಧ್ಯದಲ್ಲಿ ಎಲ್ಲೋ ಹುಟ್ಟಿದ ಯೋಚನೆ ಅಲ್ಲ. ಕಬ್ಬು ಬೆಳೆಯೋಕೆ ಅಂತ ಕಾಡು ಕಡೀತಾ ಹೋದ ಹಾಗೆ ಅಡಗೋ ಜಾಗ ಕಮ್ಮಿ ಆಯ್ತು, ಬೆಟ್ಟದ ಗುಹೆ, ನದಿ ಕೊರಕಲು ಮಾತ್ರ ಉಳೀತು, ಆಮೇಲೆ ಎಷ್ಟೋ ಜನ ಪೋರ್ಟ್ ಲೂಯಿ ಪೇಟೆಲೇ ಸ್ವತಂತ್ರ ಜನರ ಮಧ್ಯೆ ಸೇರ್ಕೊಂಡು ಬದುಕ್ತಿದ್ರು.

ಮಡಗಾಸ್ಕರ್‌ನವರು ದೋಣಿ ಕದ್ದು ಸಮುದ್ರಕ್ಕೇ ಇಳೀತಿದ್ರು. ಊರು ಎಂಟುನೂರು ಕಿಲೋಮೀಟರ್‌ಗೂ ದೂರ, ಚಿಕ್ಕ ದೋಣಿ, ಮ್ಯಾಪ್ ಇಲ್ಲ, ನೀರಿಲ್ಲ. ಆದ್ರೂ ಹೋದ್ರು.

ರಿಯೂನಿಯನ್‌ನಲ್ಲಿ ಬೆಟ್ಟಗಳು ಇನ್ನೂ ಕಡಿದು, ಒಳಗೆ ಬಟ್ಟಲಿನ ಥರ ದೊಡ್ಡ ಕಣಿವೆಗಳಿವೆ, ಅಲ್ಲಿ ಮರೂನರು ಊರೇ ಕಟ್ಕೊಂಡಿದ್ರು. ಮಫಾತ್, ಸಿಲಾವೋಸ್, ದಿಮಿತೀಲ್, ಆನ್ಶೆಂಗ್, ಈ ಹೆಸರುಗಳೆಲ್ಲ ಅವರ ಕಾಲದ್ದೇ. ಮಫಾತ್ ಕಣಿವೆಗೆ ಇವತ್ತಿಗೂ ರಸ್ತೆ ಇಲ್ಲ, ಅಲ್ಲಿನ ಜನ ನಡೆದು ಇಲ್ಲಾ ಹೆಲಿಕಾಪ್ಟರಲ್ಲಿ ಹೋಗಬೇಕು. ಹಾಗಾಗೇ ಅಲ್ವಾ ಅವರು ಆ ಜಾಗ ಹುಡುಕಿದ್ದು.

ಹಿಡಿಯೋರು ಯಾರು? ಸೈನ್ಯಾನಾ?

ಸೈನ್ಯವೂ ಇತ್ತು, ಆದ್ರೆ ಜಾಸ್ತಿ ಕೆಲಸ ಮಾಡಿದ್ದು ಬೇಟೆಗಾರರ ತುಕಡಿಗಳು. ರಿಯೂನಿಯನ್‌ನ ಫ್ರಾಂಸ್ವಾ ಮುಸ್ಸಾರ್ ಅನ್ನೋನು ಇದರಲ್ಲಿ ಕುಖ್ಯಾತ. ಕೊಂದ ಮರೂನನ ಕೈ ಕತ್ತರಿಸ್ಕೊಂಡು ಬಂದು ತೋರಿಸಿದ್ರೆ ಇನಾಮು. ಮಾರಿಷಸ್‌ನಲ್ಲಿ 1735ರಿಂದ ಗವರ್ನರ್ ಆಗಿದ್ದ ಮಾಹೆ ದ ಲಾಬೂರ್ದೊನೇ, ಗುಲಾಮರ ಕೈಲೇ ಬಂದೂಕು ಕೊಟ್ಟು ಗುಲಾಮರನ್ನ ಹಿಡಿಸಿದ. ಮೊದಲ ದೊಡ್ಡ ಸಕ್ಕರೆ ಕಾರ್ಖಾನೆ ಕಟ್ಟಿಸಿದವನೂ ಅವನೇ, 1746ರಲ್ಲಿ ಹಡಗು ತಗೊಂಡು ಬಂದು ಇಂಗ್ಲಿಷರಿಂದ ಮದ್ರಾಸ್ ಕಿತ್ಕೊಂಡವನೂ ಅವನೇ. ಪೋರ್ಟ್ ಲೂಯಿ ಬಂದರಿನ ಎದುರಿಗೇ ಅವನ ಪ್ರತಿಮೆ ಇದೆ.

ಸಿಕ್ಕವರ ಕುತ್ತಿಗೆಗೆ ಕಬ್ಬಿಣದ ಪಟ್ಟಿ ಹಾಕ್ತಿದ್ರು, ಅದರಿಂದ ಮೂರು ಕೊಕ್ಕೆ ಹೊರಗೆ ಚಾಚಿಕೊಂಡಿರುತ್ತೆ, ಮತ್ತೆ ಕಾಡಿಗೆ ನುಗ್ಗಿದ್ರೆ ಗಿಡಕ್ಕೆ ಬಳ್ಳಿಗೆ ಸಿಕ್ಕಿಹಾಕ್ಕೊಳ್ಳಲಿ ಅಂತ. ರಾತ್ರಿ ಮಲಗೋಕೂ ಆಗಲ್ಲ ಅದರಲ್ಲಿ. ಹೆಂಗಸರಿಗೂ ಹಾಕ್ತಿದ್ರು.

ಇಷ್ಟೆಲ್ಲ ಶಿಕ್ಷೆ ಇದ್ಮೇಲೆ ಓಡೋದು ನಿಂತಿರಬೇಕು?

ನಿಲ್ಲಲೇ ಇಲ್ಲ. ಹದಿನೆಂಟನೇ ಶತಮಾನದ ಕೊನೆ ಭಾಗದಲ್ಲಿ ವರ್ಷಕ್ಕೆ ನೂರಕ್ಕೆ ನಾಲ್ಕೈದು ಜನ ಓಡ್ತಿದ್ರೆ, 1820ರ ದಶಕದ ಶುರುವಲ್ಲಿ ಅದು ಹನ್ನೊಂದು ಹದಿಮೂರಕ್ಕೆ ಏರಿತ್ತು ಅಂತ ದಾಖಲೆ ಕೂತು ಎಣಿಸಿದ ಇತಿಹಾಸಕಾರರು ಹೇಳ್ತಾರೆ.

ಗಡೀಪಾರು ಶಿಕ್ಷೆನೂ ಇತ್ತಾ? ದ್ವೀಪದಿಂದ ಎಲ್ಲಿಗೆ?

ಇದು ಬ್ರಿಟಿಷರ ಕಾಲದಲ್ಲಿ ಜಾಸ್ತಿ ಕಾಣುತ್ತೆ. ಕೋರ್ಟ್ ಶಿಕ್ಷೆ ಕೊಟ್ಟ ಗುಲಾಮರನ್ನ, ಆಮೇಲೆ ‘ಅಪ್ರೆಂಟಿಸ್’ಗಳನ್ನ (ಬಿಡುಗಡೆ ಅಂದ್ಮೇಲೂ ಅದೇ ಧಣಿ ಹತ್ರ ದುಡೀಬೇಕಿದ್ದವರನ್ನ) ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ, ನ್ಯೂ ಸೌತ್ ವೇಲ್ಸ್ ಕಡೆಗೆ ಕಳಿಸ್ತಿದ್ರು. 1830ರ ದಶಕದಲ್ಲಿ ಇಬ್ಬರು ಗುಲಾಮ ಹುಡುಗೀರು, ಕಾನ್‌ಸ್ಟಾನ್ಸ್ ಮತ್ತು ಎಲಿಜಬೆತ್, ಮನೆ ಒಡತಿಗೆ ವಿಷ ಹಾಕೋಕೆ ಹೋದ್ರು ಅನ್ನೋ ಆರೋಪದಲ್ಲಿ ಹೀಗೆ ಹೋದ್ರು. ಇನ್ನೂ ಮಕ್ಕಳು, ನಮ್ಮ ಮನೇಲಾದ್ರೆ ಪ್ರೈಮರಿ ಸ್ಕೂಲಿಗೆ ಹೋಗ್ತಿರೋ ವಯಸ್ಸು.

ಉಲ್ಟಾ ಕೂಡ ನಡೀತು. 1815ರಿಂದ 1837ರ ತನಕ ಬಂಗಾಳ, ಬಾಂಬೆ ಪ್ರೆಸಿಡೆನ್ಸಿಗಳಿಂದ ಸುಮಾರು 1,500 ಕೈದಿಗಳನ್ನ ಮಾರಿಷಸ್‌ಗೆ ಗಡೀಪಾರು ಮಾಡಿದ್ರು, ಅಲ್ಲಿನ ರಸ್ತೆ ಸೇತುವೆ ಎಷ್ಟೋ ಅವರು ಕಟ್ಟಿದ್ದು. ಒಬ್ಬರಿಗೆ ಊರಾದ ಜಾಗವೇ ಇನ್ನೊಬ್ಬರಿಗೆ ಕರಿನೀರು. ಮಡಗಾಸ್ಕರ್‌ನ ರಾಜಮನೆತನದ ರಾತ್ಸಿತಾತಾನೆ ಅನ್ನೋನನ್ನೂ ಹೀಗೇ ಮಾರಿಷಸ್‌ಗೆ ದೇಶಭ್ರಷ್ಟ ಮಾಡಿ ಕಳಿಸಿದ್ರು, ಅವನು 1822ರಲ್ಲಿ ಸೆರೆಯಿಂದ ತಪ್ಪಿಸ್ಕೊಂಡು ಪೂಸ್ ಬೆಟ್ಟ ಹತ್ತಿ ಓಡಿಬಂದ ಗುಲಾಮರನ್ನ ಸೇರಿಸಿದ. ಜೊತೆಗಿದ್ದವನೇ ಹಿಡಿದುಕೊಟ್ಟ. ಏಪ್ರಿಲ್‌ನಲ್ಲಿ ಪೋರ್ಟ್ ಲೂಯಿಯ ಪ್ಲೇನ್ ವೆರ್ತ್ ಮೈದಾನದಲ್ಲಿ ಜನರ ಮುಂದೆ ತಲೆ ಕಡಿದ್ರು.

ಕೋರ್ಟಿಗೆ ಹೋಗಿ ಗೆದ್ದವರು ಯಾರೂ ಇಲ್ವಾ?

ಒಬ್ಬರಿದ್ದಾರೆ, ಫುರ್ಸಿ. ಅಮ್ಮ ಮದಲೇನ್ ಹುಟ್ಟಿದ್ದು ನಮ್ಮ ಬಂಗಾಳದ ಚಂದನನಗರದಲ್ಲಿ. ಚಿಕ್ಕವಳಿದ್ದಾಗ ಒಬ್ಬ ಫ್ರೆಂಚ್ ಹೆಂಗಸಿನ ಜೊತೆ ಫ್ರಾನ್ಸ್‌ಗೆ ಹೋದ್ಲು, ಅಲ್ಲಿಂದ ಬೂರ್ಬೋಂ ದ್ವೀಪಕ್ಕೆ. ಫ್ರಾನ್ಸ್ ನೆಲ ಮುಟ್ಟಿದ ಗುಲಾಮ ಸ್ವತಂತ್ರ ಅನ್ನೋ ಹಳೇ ತತ್ವ ಇತ್ತು, ಆ ಲೆಕ್ಕದಲ್ಲಿ ಅವಳೂ ಸ್ವತಂತ್ರ, ಹುಟ್ಟಿದ ಮಗನೂ ಸ್ವತಂತ್ರ. ಇದನ್ನ ಹಿಡ್ಕೊಂಡು 1817ರಲ್ಲಿ ಫುರ್ಸಿ ನಾನು ಗುಲಾಮ ಅಲ್ಲ ಅಂತ ಹೇಳಿ ಧಣಿ ಜೋಸೆಫ್ ಲೋರಿ ಮನೆ ಬಿಟ್ಟು ಹೊರಗೆ ನಡೆದ. ಧಣಿ ಏನ್ಮಾಡಿದ ಗೊತ್ತಾ? ಓಡಿಹೋದ ಗುಲಾಮ ಅಂತ ದೂರು ಕೊಟ್ಟು ಜೈಲಿಗೆ ಹಾಕಿಸಿದ. ಕೇಸು ಹಾಕಿದವನೇ ಆರೋಪಿ ಆದ. ಅವನ ಪರ ನಿಂತ ಸರ್ಕಾರಿ ವಕೀಲ ಬೂಶೆಯನ್ನೇ ದ್ವೀಪ ಬಿಡಿಸಿದ್ರು, ಫುರ್ಸಿಯನ್ನ 1818ರಲ್ಲಿ ಮಾರಿಷಸ್‌ನ ಕಬ್ಬಿನ ತೋಟಕ್ಕೆ ಸಾಗಿಸಿದ್ರು. ಮನುಷ್ಯ ಬಿಡಲಿಲ್ಲ, ಪತ್ರದ ಮೇಲೆ ಪತ್ರ, ಅರ್ಜಿ ಮೇಲೆ ಅರ್ಜಿ. 1843ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ಕೋರ್ಟ್ ಇವನು ಹುಟ್ಟಿನಿಂದಲೇ ಸ್ವತಂತ್ರ ಅಂತ ತೀರ್ಪು ಕೊಡ್ತು. ಇಪ್ಪತ್ತಾರು ವರ್ಷ.

ಕರ್ನಾಟಕಕ್ಕೆ ಏನಾದ್ರೂ ಸಂಬಂಧ ಇದ್ಯಾ?

ಒಂದು ಕಡೆ ಇದೆ, ಅದು ಮನಸ್ಸಿಗೆ ಕಸಿವಿಸಿ ಮಾಡೋ ಥರದ್ದು. ಟಿಪ್ಪು ಸುಲ್ತಾನ್ ಇಂಗ್ಲಿಷರ ವಿರುದ್ಧ ಸಹಾಯ ಕೇಳಿ ರಾಯಭಾರಿಗಳನ್ನ ಕಳಿಸಿದ್ದು ಇದೇ ದ್ವೀಪಕ್ಕೆ. ಗವರ್ನರ್ ಮಾಲಾರ್ತಿಕ್ 1798ರ ಜನವರಿ 30ರಂದು ಟಿಪ್ಪು ಪರ ಹೋರಾಡೋಕೆ ಬನ್ನಿ ಅಂತ ಬಹಿರಂಗ ಪ್ರಕಟಣೆ ಹೊರಡಿಸಿದ, ಸುಮಾರು ನೂರು ಜನ ಸಿಕ್ರು, ಏಪ್ರಿಲ್‌ನಲ್ಲಿ ಮಂಗಳೂರಲ್ಲಿ ಬಂದಿಳಿದ್ರು, ಗುಟ್ಟು ರಟ್ಟಾಗಿ ವೆಲ್ಲೆಸ್ಲಿಗೆ ಯುದ್ಧಕ್ಕೆ ನೆಪ ಸಿಕ್ತು, ಇದೆಲ್ಲ ನಾವು ಓದಿದ್ದೇ. ಓದದೇ ಇರೋದು ಇದು: ಫ್ರಾನ್ಸ್ 1794ರಲ್ಲೇ ಗುಲಾಮಗಿರಿ ರದ್ದು ಮಾಡಿತ್ತು, ಅದನ್ನ ಜಾರಿ ಮಾಡೋಕೆ ಬಾಕೋ ಮತ್ತು ಬರ್ನೆಲ್ ಅನ್ನೋ ಇಬ್ಬರು 1796ರಲ್ಲಿ ದ್ವೀಪಕ್ಕೆ ಬಂದಾಗ, ತೋಟದ ಧಣಿಗಳು ಅವರನ್ನ ಅದೇ ಬಂದರಿಂದ ವಾಪಸ್ ಓಡಿಸಿದ್ರು. ಅಂದ್ರೆ ಟಿಪ್ಪುವಿನ ರಾಯಭಾರಿಗಳು ಆ ಪೇಟೆಲಿ ಓಡಾಡ್ತಿದ್ದಾಗ ಸ್ವಾತಂತ್ರ್ಯ ಸಮಾನತೆ ಅಂತ ಗೋಡೆ ಮೇಲೆ, ಕುತ್ತಿಗೆಗೆ ಕಬ್ಬಿಣ ಹಾಕಿದವರು ರಸ್ತೆ ಮೇಲೆ. ನೆಪೋಲಿಯನ್ 1802ರಲ್ಲಿ ಗುಲಾಮಗಿರಿಗೆ ಮತ್ತೆ ಮುದ್ರೆ ಒತ್ತಿದ.

ಕೊನೆಗೆ ಯಾವಾಗ ನಿಂತಿತು?

ಮಾರಿಷಸ್‌ನಲ್ಲಿ 1835ರ ಫೆಬ್ರವರಿ 1, ರಿಯೂನಿಯನ್‌ನಲ್ಲಿ 1848ರ ಡಿಸೆಂಬರ್ 20. ಎರಡೂ ಕಡೆ ಆ ದಿನ ರಜೆ. ಮಾರಿಷಸ್‌ನಲ್ಲಿ ಬಿಡುಗಡೆ ಅಂದ್ಮೇಲೂ 1839ರ ತನಕ ಅದೇ ಧಣಿ ಹತ್ರ ಅಪ್ರೆಂಟಿಸ್ ಅಂತ ದುಡೀಬೇಕಿತ್ತು. ಬ್ರಿಟಿಷ್ ಸರ್ಕಾರ ಪರಿಹಾರ ಕೊಟ್ಟಿದ್ದು ಧಣಿಗಳಿಗೆ, ಮಾರಿಷಸ್ ಧಣಿಗಳಿಗೇ ಎರಡು ಮಿಲಿಯನ್ ಪೌಂಡ್‌ಗೂ ಮೇಲೆ. ಕಿವಿ ಕಳ್ಕೊಂಡವರಿಗೆ ಏನೂ ಇಲ್ಲ.

ಆಮೇಲೆ ಬಂದ ನಮ್ಮ ಕೂಲಿಗಳಿಗೆ ಈ ಕಾನೂನು ಅನ್ವಯ ಆಗ್ಲಿಲ್ಲ ತಾನೇ?

ಕಿವಿ ಕತ್ತರಿಸಲಿಲ್ಲ ನಿಜ, ಆದ್ರೆ ಓಡಿಹೋಗೋನು ಅಪರಾಧಿ ಅನ್ನೋ ಬೇರು ಹಾಗೇ ಉಳೀತು. ಕೆಲಸ ಬಿಟ್ಟು ಹೋದವನಿಗೆ ಈಗ ‘ಅಲೆಮಾರಿ’ ಅಂತ ಹೆಸರು. ಒಂದು ದಿನ ತಪ್ಪಿಸಿದ್ರೆ ಎರಡು ದಿನದ ಕೂಲಿ ಕಟ್, ಇದಕ್ಕೆ ಡಬಲ್ ಕಟ್ ಅಂತಿದ್ರು. 1867ರ ಕಾಯ್ದೆಯಂತೂ ಐದು ವರ್ಷದ ಕರಾರು ಮುಗಿಸಿದ ‘ಹಳೇ ವಲಸಿಗರನ್ನೂ’ ಬಿಡಲಿಲ್ಲ, ತನ್ನ ಫೋಟೋ ಅಂಟಿಸಿದ ಟಿಕೆಟ್ ಜೊತೆಗಿರಬೇಕು, ಬೇರೆ ಜಿಲ್ಲೆಗೆ ಹೋಗೋಕೆ ಪೊಲೀಸ್ ಪಾಸ್ ಬೇಕು, ಇಲ್ಲದಿದ್ರೆ ಹಿಡಿದು ಒಳಗೆ. ಪೊಲೀಸರು ಗುಂಪಾಗಿ ಬಂದು ಹಿಡಿಯೋದಕ್ಕೆ ‘ಅಲೆಮಾರಿ ಬೇಟೆ’ ಅಂತಲೇ ಹೆಸರಿತ್ತು, ಬೇಟೆ ಅನ್ನೋ ಪದ ಕೂಡ ಬದಲಾಗ್ಲಿಲ್ಲ. 1871ರಲ್ಲಿ 9,401 ಜನ ಹಳೇ ವಲಸಿಗರು ಅರ್ಜಿಗೆ ಸಹಿ ಹಾಕಿದ್ರು, ಅಡೋಲ್ಫ್ ದ ಪ್ಲೆವಿಟ್ಜ್ ಅನ್ನೋ ಬಿಳಿ ತೋಟದವನು ಜೊತೆಗೆ ನಿಂತ, ಸಿಟ್ಟಿಗೆದ್ದ ಧಣಿಗಳು ಅವನನ್ನ ದ್ವೀಪದಿಂದ ಓಡಿಸಿ ಅಂತ ಅರ್ಜಿ ಹಾಕಿದ್ರು. ಅದಕ್ಕೇ ವಿಚಾರಣೆ ಮಾಡೋಕೆ ಬ್ರಿಟನ್‌ನಿಂದ ರಾಯಲ್ ಕಮಿಷನ್ ಬಂದದ್ದು. ಗುಲಾಮರು ಬೇರೆ, ನಮ್ಮವರು ಬೇರೆ ಅಂತ ಗೆರೆ ಎಳೆಯೋರಿಗೆ ನಾನು ಈ ಟಿಕೆಟ್ ಕಥೆ ಹೇಳ್ತೀನಿ.

ಲ ಮೋರ್ನ್ ಬೆಟ್ಟದಿಂದ ಹಾರಿ ಸತ್ತ ಕಥೆ ನಿಜಾನಾ?

ದ್ವೀಪದ ನೈಋತ್ಯ ಮೂಲೇಲಿ ಸಮುದ್ರಕ್ಕೆ ಮುಖ ಮಾಡಿ 556 ಮೀಟರ್ ಎತ್ತರ ನಿಂತಿರೋ ಬಂಡೆಬೆಟ್ಟ ಅದು. ಬಿಡುಗಡೆ ಆಯ್ತು ಅಂತ ಹೇಳೋಕೆ ಸಿಪಾಯಿಗಳು ಹತ್ತಿ ಬಂದಾಗ, ಹಿಡಿಯೋಕೇ ಬಂದ್ರು ಅಂದ್ಕೊಂಡು ಮರೂನರು ಹಾರಿಬಿಟ್ರು ಅಂತ ಅಲ್ಲಿನ ಕ್ರಿಯೋಲ್ ಜನ, ಅಂದ್ರೆ ಗುಲಾಮರ ವಂಶದವರು, ತಲೆಮಾರುಗಳಿಂದ ಹೇಳ್ಕೊಂಡು ಬಂದಿದ್ದಾರೆ. ಅದು ಬಾಯಿಂದ ಬಾಯಿಗೆ ಬಂದ ಕಥೆ. ಬೆಟ್ಟದಲ್ಲಿ ಮರೂನರು ಇದ್ದದ್ದು ನಿಜ, ಗುಹೆಯಲ್ಲಿ ಜನ ವಾಸ ಇದ್ದ ಕುರುಹು ಸಿಕ್ಕಿದೆ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನನಗಂತೂ ಕೆಳಗೆ ನಿಂತು ಮೇಲೆ ನೋಡಿದಾಗ, ಒಳ್ಳೆ ಸುದ್ದಿ ತಂದವರನ್ನೂ ನಂಬೋಕಾಗದಷ್ಟು ಆ ಕಾನೂನು ಅವರನ್ನ ಹೆದರಿಸಿತ್ತಲ್ಲ ಅನ್ನೋದೇ ತಲೇಲಿ ಓಡ್ತಿತ್ತು.

ನಾವು ಹೋದ್ರೆ ಎಲ್ಲಿ ನೋಡಬಹುದು?

ಲ ಮೋರ್ನ್ ಹತ್ತೋದಾದ್ರೆ ಬೆಳಿಗ್ಗೆ ಬೇಗ ಹೋಗಿ, ಮೇಲಿನ ಭಾಗ ಕೈ ಊರಿಕೊಂಡು ಹತ್ತಬೇಕು, ಒಳ್ಳೆ ಗ್ರಿಪ್ ಇರೋ ಶೂ ಬೇಕು, ಮಳೆ ಬಂದಿದ್ರೆ ಬೇಡ. ಪೋರ್ಟ್ ಲೂಯಿಯಲ್ಲಿ ಲಾಬೂರ್ದೊನೇ ಕಾಲದ ಹಳೇ ಮಿಲಿಟರಿ ಆಸ್ಪತ್ರೆ ಕಟ್ಟಡದಲ್ಲಿ ಈಗ ಗುಲಾಮಗಿರಿಯ ಮ್ಯೂಸಿಯಂ ಇದೆ, 2023ರಲ್ಲಿ ತೆರೆದದ್ದು, ಆ ಕಲ್ಲುಗೋಡೆಗೆ ದುಡಿದವರೂ ಗುಲಾಮರೇ. ಅಲ್ಲಿಂದ ಸ್ವಲ್ಪ ದೂರ ನಡೆದ್ರೆ ಆಪ್ರವಾಸಿ ಘಾಟ್, ನಮ್ಮ ಕೂಲಿಗಳು ಹಡಗಿಳಿದ ಮೆಟ್ಟಿಲು. ಎರಡೂ ಒಂದೇ ದಿನ ನೋಡಿ, ಮೊದಲು ಮ್ಯೂಸಿಯಂ, ಆಮೇಲೆ ಘಾಟ್, ನಡ್ಕೊಂಡೇ ಹೋಗಿ.